ಇಲ್ಲಿಯ ತನಕ

ಹಲ್ ಊರಿನ ಆಸ್ಪತ್ರೆ, ಕಾರ್ ಪಾರ್ಕಿನ ನಾಲ್ಕನೇ ಮಹಡಿ.
ಬೆಳಿಗ್ಗೆ ಏಳೂ ಹತ್ತು.
ಹೆಸ್ಸಲ್‌ನಿಂದ ಬರುವಾಗ ಹಂಬರ್ ನದಿ ಕಾಣಲಿಲ್ಲ,
ಸೇತುವೆಯ ಎರಡು ಕಂಬಗಳು ಮಂಜಿನೊಳಗಿಂದ
ನೆತ್ತಿ ಮಾತ್ರ ಹೊರಗಿಟ್ಟು ನಿಂತಿದ್ದವು,
ಕಂಬಳಿ ಹೊದ್ದು ಮಲಗಿದ ಮಕ್ಕಳ ಹಾಗೆ.

ಜಯವಂತನನ್ನು ಒಳಗೆ ಕರೆದೊಯ್ದರು.
ಉಂಗುರ, ಕನ್ನಡಕ, ಕಟ್ಟಿಸಿದ ಹಲ್ಲು
ಒಂದೊಂದಾಗಿ ನನ್ನ ಕೈಗೆ ಬಂದವು.
‘ಹಲ್‌ನಲ್ಲಿ ನನ್ನ ಹಲ್ಲು ಜೋಪಾನ’ ಎಂದ
ಬೊಚ್ಚು ಬಾಯಲ್ಲಿ.
ನರ್ಸಿಗೆ ತಿಳಿಯಲಿಲ್ಲ.
ತಿಳಿದ ನಾನೂ ನಗಲಿಲ್ಲ.
ಈಗ ಅದೇ ಮುಳ್ಳು.

ಚಿಲ್ಲರೆಗೆಂದು ಕಾರಿನ ಡ್ರಾವರಿಗೆ ಕೈ ಹಾಕಿದರೆ
ರಬ್ಬರ್ ಬ್ಯಾಂಡು ಹಾಕಿದ ಚೀಟಿಗಳ ಕಟ್ಟು:
ಇದೇ ಕಾರ್ ಪಾರ್ಕು, ಇಪ್ಪತ್ತೆರಡು ವರ್ಷ.
ಮೂರು ಕಾರು ಬದಲಾದರೂ
ಇವು ಮಾತ್ರ ಜೊತೆಗೇ ಸಾಗಿ ಬಂದಿವೆ.

ಇದು ಅವ್ವನಿಂದ ಅಂಟಿದ ಚಾಳಿ.
ಬೆಟಗೇರಿಯ ಮಗ್ಗದ ಓಣಿಯಲ್ಲಿ ಸುವಾರ್ತವ್ವ
ಸೆರಗಿನ ಚುಂಗಿಗೆ ಗಂಟು ಹಾಕುತ್ತಿದ್ದಳು.
ತೀರಿಸಬೇಕಾದ ಸಾಲಕ್ಕಲ್ಲ, ಬಂದ ಉಪಕಾರಕ್ಕೆ.
ತಮ್ಮನ ಜ್ವರ ಇಳಿದ ರಾತ್ರಿ ಒಂದು,
ಯಾರೋ ಹೆಸರು ಹೇಳದೆ ನನ್ನ ಶಾಲೆ ಫೀಸು ಕಟ್ಟಿದಾಗ ಒಂದು.
ಭಾನುವಾರ ಪಾದ್ರಿಗಳ ಪ್ರಸಂಗ ಉದ್ದವಾಗುತ್ತಿದ್ದಂತೆ
ಬೆಂಚಿನ ಮೇಲೆ ಕೂತು ಒಂದೊಂದೇ ಬಿಚ್ಚುತ್ತ
ತುಟಿ ಅಲುಗಿಸುತ್ತಿದ್ದಳು.
‘ದೇವರಿಗೆ ನೆನಪ ಮಾಡಿಕೊಡೋದು ಬ್ಯಾಡ ತಂಗಿ.
ಮರಿಯೋರು ನಾವು.’

ಕಟ್ಟು ಬಿಚ್ಚಿದೆ.
ಒಂದರ ಮೇಲೂ ಅಕ್ಷರವಿಲ್ಲ.
ಬಿಸಿಗೆ ಮೂಡಿದ ಅಚ್ಚು, ಬಿಸಿಗೇ ಮಾಸಿ ಹೋಗಿದೆ:
ತಾರೀಕಿಲ್ಲ, ಗಂಟೆಯಿಲ್ಲ, ಕೊಟ್ಟ ಪೌಂಡಿನ ಲೆಕ್ಕವಿಲ್ಲ.
ನಾನೇ ಓದಿಕೊಳ್ಳಬೇಕು, ಬೆರಳಿನಿಂದ.

ಚಹಾದ ಕಲೆ ಇರುವುದು ಮೊದಲ ಚಳಿಗಾಲದ್ದು.
ಕೆಲಸ ಕೇಳಲು ಬಂದು, ಬೂಟು ತೊಯ್ದು,
ವಾರ್ಡಿನ ಸಿಸ್ಟರ್ ತನ್ನ ಸಾಕ್ಸ್ ಕೊಟ್ಟಳು,
ಆಮೇಲೆ ಕೆಲಸವನ್ನೂ.
ಅಂಚು ಹರಿದದ್ದು ಜಯವಂತ ಮೆಟ್ಟಿಲಿನಿಂದ ಬಿದ್ದ ಸಲ.
ಇದು ಯಾವುದೋ, ನೆನಪಿಲ್ಲ.
ನೆನಪಿಲ್ಲದ ಆ ದಿನವನ್ನೂ ದಾಟಿ ಬಂದೆನಲ್ಲ.

ನಾಲ್ಕು ಮಡಿಕೆಯದ್ದನ್ನು ಬಿಚ್ಚಲಿಲ್ಲ.
ಅದು ಹನ್ನಾಳದ್ದು.
ಆರು ತಿಂಗಳಿಗೇ ಅವಸರ ಮಾಡಿ ಬಂದು
ಹನ್ನೊಂದು ದಿನ ಇದ್ದು ಹೋದವಳು.
ಅಂದು ನಾನು ಬೇಡಿದ್ದು ಒಂದೇ. ಅದು ಸಿಗಲಿಲ್ಲ.
ನಂತರ ವರ್ಷಗಟ್ಟಲೆ
ಆಮೆನ್ ಎಂಬಲ್ಲಿ ಹಲ್ಲು ಕಚ್ಚಿ ಸುಮ್ಮನಿದ್ದೆ.

ಆದರೆ ಆ ರಾತ್ರಿ ನೆಲ ಒರೆಸುವ ಡೋರೀನ್,
ಬಕೆಟ್ಟು ಪಕ್ಕಕ್ಕೆ ಸರಿಸಿ,
ಒದ್ದೆ ನೆಲದ ಮೇಲೇ ಮಂಡಿಯೂರಿ
ಬಿಚ್ಚಿಹೋಗಿದ್ದ ನನ್ನ ಬೂಟಿನ ಲೇಸು ಕಟ್ಟಿದಳು.
ಎರಡು ಗಂಟು.
‘ಬೀಳಬಾರದು ನೀನು’ ಎಂದಳು, ಅಷ್ಟೇ.
ಸಿಗದೆ ಹೋದದ್ದನ್ನು ನಾನು ಬರೆದಿಟ್ಟುಕೊಂಡಿದ್ದೆ.
ಇದನ್ನು ಬರೆದಿರಲಿಲ್ಲ.

ದನಿ ಯಾವುದೂ ಕೇಳಿಸಲಿಲ್ಲ ಈಗಲೂ.
ಮಂಜು ಹರಿಯಲಿಲ್ಲ.
ಕಡಲಹಕ್ಕಿಯೊಂದು ಬಾನೆಟ್ ಮೇಲೆ ಕೂತು
ನನ್ನನ್ನು ತಿನ್ನಬಹುದೇ ಎಂದು ನೋಡಿತು.
ಎದೆಯ ಬಿಗಿ ತುಸು ಸಡಿಲವಾದಾಗಲೇ ಗೊತ್ತಾದದ್ದು,
ಕಾರು ನಿಲ್ಲಿಸಿ ಗಂಟೆಯಾದರೂ
ಸೀಟ್ ಬೆಲ್ಟ್ ಇನ್ನೂ ಬಿಚ್ಚಿರಲಿಲ್ಲ.
ಬಿಚ್ಚಿದೆ.
ಒಂದು ಉಸಿರು. ಇನ್ನೊಂದು.

ಗಾಜಿನ ಹಿಂದೆ ಇವತ್ತಿನ ಚೀಟಿ,
ಅಚ್ಚು ಇನ್ನೂ ಕಪ್ಪು:
ಹನ್ನೊಂದೂ ನಲವತ್ತರ ತನಕ.
ಅದರಾಚೆಗಿನದು ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.
ಸ್ವಾಮೀ, ಇವನನ್ನು ನನಗೆ ಕೊಡು ಎಂದು
ಮತ್ತೆ ಕೇಳಿಯೇ ಕೇಳುತ್ತೇನೆ, ಬಿಡುವವಳಲ್ಲ.
ಆದರೆ ಮೊದಲು ಅವ್ವನ ಮಾತು:
ಇಲ್ಲಿಯ ತನಕ ನಡೆಸಿದಿ.
ಇಲ್ಲಿಯ ತನಕ.

ತೊಡೆಯ ಮೇಲೆ ಹಲ್ಲಿನ ಡಬ್ಬಿ.
ಹಲ್‌ನಲ್ಲಿ ಹಲ್ಲು ಜೋಪಾನವಾಗಿದೆ, ಮಾರಾಯ.
ತಡವಾಗಿ, ಒಬ್ಬಳೇ,
ನಗುತ್ತೇನೆ.